ಕಿವಿ ಮುಚ್ಚಿಕೊಂಡ ಮಗು ಏನು ಹೇಳ್ತಿದೆ?

ಗಡಿ ಊರುಗಳಲ್ಲಿ ಆಟಿಸಂ ಮಕ್ಕಳ ಪಾಲನೆ: ಬೈಯುವ ಮುನ್ನ ತಿಳಿಯಬೇಕಾದ ಸಂಗತಿಗಳು

ಜಹೀರಾಬಾದ್: ನಿಲ್ದಾಣಕ್ಕೆ ಬೀದರ್ ಬಸ್ ಬಂದು ನಿಂತಿದೆ. ಹತ್ತುವವರ ನೂಕುನುಗ್ಗಲು, ಕಂಡಕ್ಟರ್ ಕೂಗು, ಹಿಂದೆ ನಿಂತ ಲಾರಿಯ ಹಾರ್ನು, ಪಕ್ಕದ ಹೋಟೆಲಿನಲ್ಲಿ ಜೋರಾಗಿ ಹಚ್ಚಿದ ಸಿನಿಮಾ ಹಾಡು. ಅಷ್ಟರಲ್ಲಿ ನಾಲ್ಕೈದು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಡುತ್ತಾನೆ. ತಾಯಿ ಎತ್ತಲು ಹೋದರೆ ಚೀರುತ್ತಾನೆ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಸುತ್ತ ಜನ ಸೇರುತ್ತಾರೆ. 'ಎರಡು ಕೊಡ್ರಿ, ಸುಮ್ನಾಗ್ತಾನ' ಅಂತ ಒಬ್ಬರು. 'ಮುದ್ದು ಮಾಡಿ ಕೆಡಿಸ್ಯಾರ' ಅಂತ ಇನ್ನೊಬ್ಬರು. 'ದೃಷ್ಟಿ ತಾಕ್ಯಾದ ತಂಗಿ, ಇಳಿಸಿ ಒಗಿ' ಅಂತ ಮತ್ತೊಬ್ಬ ಹಿರಿಯಾಕೆ. ತಾಯಿ ಯಾರಿಗೂ ಉತ್ತರ ಕೊಡುವುದಿಲ್ಲ. ಬಸ್ ಹೊರಟುಹೋಗುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಯಾವ ಊರಿನ ನಿಲ್ದಾಣದಲ್ಲಾದರೂ, ಯಾವ ಮದುವೆ ಮಂಟಪದಲ್ಲಾದರೂ ಕಾಣಬಹುದಾದ ದೃಶ್ಯ. ಸೇರಿದ ಹತ್ತು ಜನರ ಬಳಿ ಹತ್ತು ಸಲಹೆ ಇರುತ್ತವೆ. ಆದರೆ ಮಗು ಕಿವಿ ಯಾಕೆ ಮುಚ್ಚಿಕೊಂಡಿತು ಅಂತ ಕೇಳುವವರು ಕಡಿಮೆ. ಆಟಿಸಂ ಇರುವ ಮಗುವನ್ನು ಸಾಕುವ ಮನೆಯವರು ಮೊದಲು ಕಲಿಯಬೇಕಾದದ್ದು ಈ 'ಯಾಕೆ' ಎಂಬ ಪ್ರಶ್ನೆಯನ್ನೇ. ಅದು ಗೊತ್ತಾಗುವ ತನಕ ಏಟು, ಬೈಗುಳ, ತಾಯಿತ, ಔಷಧ ಯಾವುದೂ ನೆಟ್ಟಗೆ ಕೆಲಸಕ್ಕೆ ಬರುವುದಿಲ್ಲ.

ನೂರಕ್ಕೊಂದು ಮಗು

ಆಟಿಸಂ ರೋಗವಲ್ಲ, ಅಂಟುವಂಥದ್ದೂ ಅಲ್ಲ. ಹುಟ್ಟಿನಿಂದಲೇ ಮೆದುಳಿನ ಬೆಳವಣಿಗೆ ಬೇರೆ ರೀತಿ ಇರುವ ಸ್ಥಿತಿ. ಮಾತು, ಬೆರೆಯುವಿಕೆ, ವರ್ತನೆ, ಶಬ್ದ-ಬೆಳಕು-ಸ್ಪರ್ಶವನ್ನು ಗ್ರಹಿಸುವ ಬಗೆ ಎಲ್ಲದರಲ್ಲೂ ಅದು ಕಾಣುತ್ತದೆ. ಒಂದು ಮಗುವಿನ ಹಾಗೆ ಇನ್ನೊಂದು ಇರುವುದಿಲ್ಲ. ಒಬ್ಬನಿಗೆ ಮಾತೇ ಬರದಿರಬಹುದು, ಇನ್ನೊಬ್ಬ ರೈಲಿನ ವೇಳಾಪಟ್ಟಿ ಪೂರ್ತಿ ಬಾಯಿಪಾಠ ಹೇಳಬಹುದು. ಅದಕ್ಕೇ ವೈದ್ಯರು ಇದನ್ನು 'ಸ್ಪೆಕ್ಟ್ರಂ' ಅನ್ನುತ್ತಾರೆ.

ಇದು ದೊಡ್ಡ ಶಹರದವರ ಸಮಸ್ಯೆ ಅನ್ನುವ ಮಾತು ಈ ಭಾಗದಲ್ಲಿದೆ. ಅದು ಸರಿಯಲ್ಲ. ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹೈದರಾಬಾದ್ ಜತೆಗೆ ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ಡಾ, ಒಡಿಶಾದ ಢೆಂಕನಾಲ್, ಉತ್ತರ ಗೋವಾ ಅದರಲ್ಲಿದ್ದವು. ಆಟಿಸಂ ಪ್ರಮಾಣ ನೂರು ಮಕ್ಕಳಲ್ಲಿ ಸುಮಾರು ಒಂದು ಎಂದು ಅಂದಾಜಾಯಿತು. ಆ ಲೆಕ್ಕದಲ್ಲಿ ಸಾವಿರ ಮಕ್ಕಳಿರುವ ಕಡೆ ಹತ್ತು ಮಕ್ಕಳಾದರೂ ಇರಬೇಕು. ಹುಡುಗರಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಣ್ಣುಮಕ್ಕಳನ್ನು 'ನಾಚಿಕೆ ಸ್ವಭಾವ' ಅಂತ ಬಿಟ್ಟುಬಿಡುವುದರಿಂದ ಅವರ ವಿಷಯ ತಡವಾಗಿ ಗೊತ್ತಾಗುತ್ತದೆ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಅನ್ನುತ್ತಾರೆ, ಮರಾಠಿಯಲ್ಲಿ 'ಸ್ವಮಗ್ನತಾ'. ಎರಡೂ ಪದ ಕೇಳಿದರೆ ಮಗು ತನ್ನೊಳಗೇ ಮುಳುಗಿದೆ, ಹೊರಗಿನದು ಅದಕ್ಕೆ ಬೇಡ ಅನ್ನಿಸುತ್ತದೆ. ಎಷ್ಟೋ ಸಲ ಇರುವುದು ಉಲ್ಟಾ. ಹೊರಗಿನದು ಅದಕ್ಕೆ ಅತಿಯಾಗಿ ಬಂದು ಅಪ್ಪಳಿಸುತ್ತಿರುತ್ತದೆ.

ಸದ್ದು, ಬೆಳಕು, ಬಟ್ಟೆಯ ಚೀಟಿ

ಕುಕ್ಕರ್ ಸೀಟಿ, ಮಿಕ್ಸರ್, ಮೆರವಣಿಗೆಯ ಡಿಜೆ, ದೀಪಾವಳಿ ಪಟಾಕಿ ನಮಗೆ ಬರೀ ಸದ್ದು. ಕೆಲವು ಆಟಿಸಂ ಮಕ್ಕಳಿಗೆ ಅದು ನೋವು. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಹುಟ್ಟಿದ್ದು 1947ರಲ್ಲಿ. ಸ್ವತಃ ಆಟಿಸಂ ಇರುವ ಇವರಿಗೆ ಮಾತು ಬಂದದ್ದೇ ತಡವಾಗಿ. ಮುಂದೆ ಪಶು ವಿಜ್ಞಾನಿಯಾಗಿ ಹೆಸರು ಮಾಡಿದರು. ಚಿಕ್ಕಂದಿನಲ್ಲಿ ಶಾಲೆಯ ಗಂಟೆ ಹೊಡೆದರೆ ಹಲ್ಲಿನ ನರಕ್ಕೆ ದಂತವೈದ್ಯರ ಯಂತ್ರ ತಾಗಿದಷ್ಟು ಸಂಕಟ ಆಗುತ್ತಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ದನಗಳಿಗೆ ಚುಚ್ಚುಮದ್ದು ಹಾಕುವಾಗ ಎರಡೂ ಕಡೆಯಿಂದ ಒತ್ತಿ ಹಿಡಿಯುವ ಚೌಕಟ್ಟಿನಲ್ಲಿ ದನ ಶಾಂತವಾಗುವುದನ್ನು ಕಂಡು, ತಮ್ಮ ಮೈಯನ್ನು ಹಾಗೇ ಒತ್ತಿ ಹಿಡಿಯುವ ಯಂತ್ರ ಮಾಡಿಕೊಂಡರು. ಮನುಷ್ಯರು ಅಪ್ಪಿಕೊಂಡರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ, ಆದರೆ ತಾವೇ ಹೆಚ್ಚು ಕಡಿಮೆ ಮಾಡಬಹುದಾದ ಆ ಒತ್ತಡ ಹಿತ ಕೊಡುತ್ತಿತ್ತು.

ವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಲ್ಲಿ ಈ ಇಂದ್ರಿಯ ಸೂಕ್ಷ್ಮತೆ ಆಟಿಸಂ ಲಕ್ಷಣವಾಗಿ ಸೇರಿದ್ದು 2013ರಲ್ಲಿ. ಅಂದರೆ ತಾಯಂದಿರು ವರ್ಷಗಟ್ಟಲೆ ಹೇಳುತ್ತಿದ್ದದ್ದು ಪುಸ್ತಕಕ್ಕೆ ಬಂದದ್ದು ಈಚೆಗೆ.

ಹೊಸ ಅಂಗಿ ಹಾಕಿದರೆ ಕಿತ್ತೆಸೆಯುವ ಮಗುವಿಗೆ ಕಾಲರಿನ ಚೀಟಿ ಚುಚ್ಚುತ್ತಿರಬಹುದು. ಕಟಿಂಗ್ ಅಂಗಡಿಯಲ್ಲಿ ಒದ್ದಾಡುವ ಮಗುವಿಗೆ ಮಷಿನ್ನಿನ ಗುಂಯ್ ಸದ್ದು ಆಗದಿರಬಹುದು. ರೊಟ್ಟಿ-ಪಲ್ಯ ಮುಟ್ಟದೆ ಮೂರು ಹೊತ್ತೂ ಒಂದೇ ಬಿಸ್ಕಿಟ್ ಬೇಡುವ ಮಗುವಿಗೆ ರುಚಿಗಿಂತ, ಪ್ರತಿ ಸಲ ಬಾಯಿಗೆ ಅದೇ ಥರ ಸಿಗುತ್ತದೆ ಎನ್ನುವುದು ಮುಖ್ಯ. ಪಲ್ಯ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲವಲ್ಲ!

ಇದಕ್ಕೆ ವಿರುದ್ಧವೂ ಉಂಟು. ಕೆಲವು ಮಕ್ಕಳಿಗೆ ಪೆಟ್ಟಾದರೂ ನೋವು ಗೊತ್ತಾಗದು. ಗಿರಗಿರ ತಿರುಗಿದರೂ ತಲೆ ಸುತ್ತದು. ಎಷ್ಟು ಕುಣಿದರೂ ಜಿಗಿದರೂ ಸಾಲದು.

ಕೈ ಆಡಿಸುವುದು, ಸಾಲು ಹಚ್ಚುವುದು

ಖುಷಿಯಾದಾಗ, ಗಾಬರಿಯಾದಾಗ ಎರಡೂ ಕೈ ಪಟಪಟ ಆಡಿಸುವುದು, ಕೂತಲ್ಲೇ ತೂಗುವುದು, ಫ್ಯಾನು ತಿರುಗುವುದನ್ನೇ ನೋಡುತ್ತ ನಿಲ್ಲುವುದು ಈ ಮಕ್ಕಳಲ್ಲಿ ಸಾಮಾನ್ಯ. ಬಂಧುಗಳ ಎದುರು ಮುಜುಗರ ಆಗುತ್ತದೆ ಅಂತ ಮನೆಯವರು ಕೈ ಹಿಡಿದು ನಿಲ್ಲಿಸುತ್ತಾರೆ. ಬ್ರಿಟನ್ನಿನ ಸಂಶೋಧಕರು 32 ಜನ ಆಟಿಸಂ ವಯಸ್ಕರನ್ನು ಮಾತಾಡಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಮನಸ್ಸು ತುಂಬಿ ಬಂದಾಗ ಹದಕ್ಕೆ ತಂದುಕೊಳ್ಳಲು ಈ ಚಲನೆ ನೆರವಾಗುತ್ತದೆ ಎಂಬುದು ಅವರ ಅನುಭವ. ಮೈಗೆ ಪೆಟ್ಟು ಮಾಡಿಕೊಳ್ಳದಿದ್ದರೆ, ಬೇರೆಯವರಿಗೆ ತಾಗದಿದ್ದರೆ, ಅದನ್ನು ಬಿಡಿಸುವ ಹಟ ಮನೆಯವರಿಗೆ ಬೇಡ. ತಲೆ ಗೋಡೆಗೆ ಬಡಿದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಬೇರೆ ಮಾತು. ಅಲ್ಲಿ ಕಾರಣ ಹುಡುಕಲೇಬೇಕು.

ಚಪ್ಪಲಿ, ಬಳಪ, ಆಟಿಕೆ ಕಾರು ಸಾಲಾಗಿ ಜೋಡಿಸಿ, ಒಂದು ಸರಿಸಿದರೆ ರಂಪ ಮಾಡುವುದೂ ಇಂಥದ್ದೇ. ದಿನಾ ಹೋಗುವ ದಾರಿ ಬಿಟ್ಟು ಆಟೊ ಬೇರೆ ಗಲ್ಲಿಗೆ ತಿರುಗಿದರೆ ಕೂಗು ಶುರು. ಮುಂದೇನು ಆಗುತ್ತದೆ ಅಂತ ಊಹಿಸಲು ಕಷ್ಟಪಡುವ ಮಗುವಿಗೆ, ಎಲ್ಲ ಮೊದಲಿನ ಹಾಗೇ ಇರುವುದು ಒಂದು ಧೈರ್ಯ. ದಾರಿ ಬದಲಾಗುವುದಿದ್ದರೆ ಮೊದಲೇ ಹೇಳಬೇಕು, ಮಾತು ತಿಳಿಯದಿದ್ದರೆ ಫೋಟೊ ತೋರಿಸಬೇಕು. ಝರಾಸಂಗದ ಕೇತಕಿ ಸಂಗಮೇಶ್ವರ ಜಾತ್ರೆಗೆ ಕರೆದೊಯ್ಯುವವರು ಹಿಂದಿನ ದಿನವೇ ಗುಡಿಯ ಚಿತ್ರ, ಬಸ್ಸಿನ ಚಿತ್ರ, ವಾಪಸು ಮನೆಯ ಚಿತ್ರ ಸಾಲಾಗಿ ತೋರಿಸಿದರೆ ಅರ್ಧ ಗಲಾಟೆ ಕಡಿಮೆಯಾದೀತು. ಜನ ಕಡಿಮೆ ಇರುವ ಬೆಳಗಿನ ಹೊತ್ತು ಆರಿಸಿಕೊಂಡರೆ ಇನ್ನೂ ಒಳ್ಳೆಯದು.

'ನೀರು ಬೇಕಾ?' ಅಂದರೆ 'ನೀರು ಬೇಕಾ?'

ಕೇಳಿದ್ದನ್ನೇ ತಿರುಗಿ ಹೇಳುವ ಮಕ್ಕಳನ್ನು ಕಂಡು 'ಅಣಕಿಸ್ತಾನ' ಎಂದು ಬೈಯುವವರಿದ್ದಾರೆ. ಟಿವಿ ಜಾಹೀರಾತಿನ ಸಾಲು ದಿನವಿಡೀ ಒದರುವ ಮಕ್ಕಳೂ ಉಂಟು. ಇದು ಅರ್ಥವಿಲ್ಲದ ಗಿಳಿಪಾಠ ಎಂದೇ ಬಹಳ ಕಾಲ ನಂಬಿದ್ದರು. ಅಮೆರಿಕದ ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಶಾನ್ 1981ರಲ್ಲಿ ಈ ಮಕ್ಕಳ ಮಾತನ್ನು ಸಂದರ್ಭ ಸಮೇತ ಗಮನಿಸಿ, ಅದಕ್ಕೆ ಉದ್ದೇಶಗಳಿವೆ ಎಂದು ತೋರಿಸಿದರು. 'ಹೌದು' ಅನ್ನಲು, ಸರದಿ ತುಂಬಲು, ತನಗೆ ತಾನೇ ಹೇಳಿಕೊಳ್ಳಲು ಮಗು ಅದನ್ನು ಬಳಸುತ್ತದೆ. 'ನೀರು ಬೇಕಾ?' ಎಂದು ತಿರುಗಿ ಕೇಳುವ ಮಗು ನೀರನ್ನೇ ಬೇಡುತ್ತಿರಬಹುದು. ಆಗ ಲೋಟ ಕೊಡುತ್ತ 'ನೀರು ಬೇಕು' ಅಂದರೆ, ನಾಳೆ ಹೇಳಬೇಕಾದ ಮಾತು ಅದರ ಕಿವಿಗೆ ಬೀಳುತ್ತದೆ.

ಕಣ್ಣಿಟ್ಟು ನೋಡದಿದ್ದರೆ ಹಿರಿಯರಿಗೆ ಮರ್ಯಾದೆ ಇಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಕಣ್ಣಿಗೆ ಕಣ್ಣು ಕೂಡಿಸುವುದು ಕಷ್ಟ, ಬೇರೆ ಕಡೆ ನೋಡುತ್ತಿದ್ದರೆ ಮಾತು ಚೆನ್ನಾಗಿ ಕೇಳುತ್ತದೆ ಎಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳಿದ್ದಾರೆ. ಗಲ್ಲ ಹಿಡಿದು 'ನನ್ನ ನೋಡು' ಎಂದು ತಿರುಗಿಸುವ ಬದಲು, ಮಗು ನೋಡುತ್ತಿರುವ ವಸ್ತುವಿನ ಪಕ್ಕ ಹೋಗಿ ಕೂತು ಮಾತಾಡಿದರೆ ಕೆಲಸ ಸುಲಭ.

ಹಟ ಯಾವುದು, ಸಂಕಟ ಯಾವುದು?

ಆಟಿಸಂ ಮಗುವೂ ಮಗುವೇ, ಹಟ ಮಾಡುತ್ತದೆ. ಹಟ ಮಾಡುವ ಮಗು ನಡುವೆ ಒಮ್ಮೆ ಕಣ್ಣೆತ್ತಿ ಯಾರು ನೋಡುತ್ತಿದ್ದಾರೆ ಅಂತ ನೋಡುತ್ತದೆ, ಚಾಕಲೇಟು ಸಿಕ್ಕರೆ ಸುಮ್ಮನಾಗುತ್ತದೆ. ಕೆರೆ ಕಟ್ಟೆ ಒಡೆದ ಹಾಗೆ ತಡೆಯಲಾಗದೆ ಒಡೆಯುವುದು ಬೇರೆ. ಆಗ ಚಾಕಲೇಟು ಕೊಟ್ಟರೂ ಕೇಳಿಸದು, ಬೈದರೂ ಕೇಳಿಸದು. ಆ ಹೊತ್ತಿನಲ್ಲಿ ಪಾಠ ಹೇಳಲು ಹೋಗಬಾರದು. ಸದ್ದು, ಜನ, ಮಾತು ಮೂರೂ ಕಡಿಮೆ ಮಾಡಿ, ಪೆಟ್ಟಾಗದಂತೆ ಕಾದು, ಇಳಿಯುವ ತನಕ ಜತೆಗಿರಬೇಕು. ಹೊಡೆದರೆ ಮೊದಲೇ ತುಂಬಿದ ಮೈಗೆ ಇನ್ನೊಂದು ನೋವು ಸೇರುತ್ತದೆ ಅಷ್ಟೆ.

ಇದ್ದಕ್ಕಿದ್ದಂತೆ ವರ್ತನೆ ಬದಲಾದರೆ ಮೊದಲು ಮೈ ಪರೀಕ್ಷೆ ಮಾಡಿಸಬೇಕು. ಹಲ್ಲುನೋವು, ಕಿವಿಸೋರು, ಮಲಬದ್ಧತೆ ಇದ್ದರೂ ಮಾತು ಬಾರದ ಮಗು ಹೇಳಲಾರದು, ತಲೆ ಬಡಿದುಕೊಂಡು ತೋರಿಸುತ್ತದೆ. ಫಿಟ್ಸ್ ಕೂಡ ಈ ಮಕ್ಕಳಲ್ಲಿ ಹೆಚ್ಚು, ಅದಕ್ಕೆ ವೈದ್ಯರ ಔಷಧ ಬೇಕೇ ಬೇಕು.

ಮೂರು ಕಲಮಿನ ಖಾತೆ

ಕಾರಣ ಹುಡುಕಲು ವಿಶೇಷ ಶಿಕ್ಷಕರು ಒಂದು ಸರಳ ದಾರಿ ಹೇಳಿಕೊಡುತ್ತಾರೆ. ಅಂಗಡಿಯ ಜಮಾ-ಖರ್ಚಿನ ಹಾಗೆ ಒಂದು ನೋಟ್‌ಬುಕ್, ಅದರಲ್ಲಿ ಮೂರು ಕಲಮು. ಮೊದಲನೆಯದು, ಅದಕ್ಕೆ ಮುಂಚೆ ಏನಾಯ್ತು. ಎರಡನೆಯದು, ಮಗು ಏನು ಮಾಡ್ತು. ಮೂರನೆಯದು, ಆಮೇಲೆ ಏನಾಯ್ತು. ದಿನ, ಹೊತ್ತು ಬರೆದಿಡಬೇಕು.

ಉದಾಹರಣೆಗೆ ಒಂದು ಮನೆಯ ಖಾತೆ ಹೀಗಿರಬಹುದು. ಸೋಮವಾರ ಸಂಜೆ ಕರೆಂಟ್ ಹೋಗಿ ಎದುರಿನ ಅಂಗಡಿ ಜನರೇಟರ್ ಶುರುವಾಯ್ತು, ಮಗು ಚೀರಿ ತಲೆ ಬಡಿದುಕೊಂಡ, ಆಯಿ ಒಳಕೋಣೆಗೆ ಒಯ್ದರು, ಸುಮ್ಮನಾದ. ಬುಧವಾರ ಮಿಕ್ಸರ್ ಹಚ್ಚಿದಾಗ ಮತ್ತೆ ಹಾಗೇ. ಶುಕ್ರವಾರ ಅಕ್ಷರ ತಿದ್ದಲು ಕೂರಿಸಿದಾಗ ಸ್ಲೇಟು ಎಸೆದ, ಅಪ್ಪ ಬೈದು ಎಬ್ಬಿಸಿ ಕಳಿಸಿದರು. ಶನಿವಾರವೂ ಅದೇ. ಎರಡು ವಾರ ಬರೆದರೆ ಎರಡು ಬೇರೆ ಲೆಕ್ಕ ಕಾಣುತ್ತವೆ. ಮೊದಲ ಎರಡರಲ್ಲಿ ಕಾರಣ ಸದ್ದು. ಕೊನೆಯ ಎರಡರಲ್ಲಿ ಸ್ಲೇಟು ಎಸೆದರೆ ಬರೆಯುವುದು ತಪ್ಪುತ್ತದೆ ಎಂದು ಮಗು ಕಲಿತಿದೆ, ಕಲಿಸಿದವರು ಮನೆಯವರೇ! ಸದ್ದಿಗೆ ಮಿಕ್ಸರ್ ಹಚ್ಚುವ ಮುಂಚೆ ಹೇಳಿ ಮಗುವನ್ನು ಆಚೆ ಕಳಿಸುವುದು ಪರಿಹಾರ. ಸ್ಲೇಟಿಗೆ ಒಂದೇ ಅಕ್ಷರ ಬರೆಸಿ, 'ಸಾಕು' ಎಂದು ತೋರಿಸುವ ಕಾರ್ಡು ಕೊಟ್ಟು, ಕಾರ್ಡು ತೋರಿಸಿದರೆ ನಿಜಕ್ಕೂ ನಿಲ್ಲಿಸುವುದು ಪರಿಹಾರ. ಎರಡಕ್ಕೂ ಒಂದೇ ಏಟು ಔಷಧವಲ್ಲ.

ಸಾಮಾನ್ಯವಾಗಿ ನಾಲ್ಕು ಕಾರಣ ಸಿಗುತ್ತವೆ. ಏನಾದರೂ ಬೇಕು, ಏನಾದರೂ ಬೇಡ, ಯಾರಾದರೂ ಗಮನ ಕೊಡಲಿ, ಇಲ್ಲವೇ ಮೈಗೆ ಹಾಗೆ ಮಾಡಿದರೆ ಹಿತ. ಚಿತ್ರದ ಕಾರ್ಡು, ಕೈಸನ್ನೆ ಕಲಿಸಿದರೆ ಮಾತೇ ಬರುವುದಿಲ್ಲ ಎಂಬ ಭಯ ಬೇಡ. ಅವುಗಳಿಂದ ಮಾತು ನಿಂತುಹೋಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ.

ಓಡಿಹೋಗುವ ಮಗು

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದು. ಬಾಗಿಲು ತೆರೆದಿದ್ದರೆ ಸಾಕು, ಮಗು ಹೊರಟುಬಿಡುತ್ತದೆ. ಅಮೆರಿಕದಲ್ಲಿ ಆಟಿಸಂ ಇರುವ 1,218 ಮಕ್ಕಳ ಕುಟುಂಬಗಳನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ 49ರಷ್ಟು ಮಕ್ಕಳು ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೀಗೆ ಹೋಗಲು ನೋಡಿದ್ದರು. ಹೋಗುವುದಕ್ಕೂ ಕಾರಣವಿರುತ್ತದೆ. ಸದ್ದಿನಿಂದ ಪಾರಾಗಲು, ಅಥವಾ ಇಷ್ಟದ ಜಾಗ ತಲುಪಲು. ಬಹಳ ಮಕ್ಕಳನ್ನು ನೀರು ಸೆಳೆಯುತ್ತದೆ.

ಜಹೀರಾಬಾದಿನಲ್ಲಿ ಹೆದ್ದಾರಿ 65 ಇದೆ. ತಾಂಡೂರಿನಲ್ಲಿ ರೈಲು ಹಳಿ, ಊರ ಸುತ್ತ ಹಾಸುಗಲ್ಲು ತೆಗೆದು ಬಿಟ್ಟ ಗಣಿ, ಮಳೆಗಾಲದಲ್ಲಿ ಅವುಗಳಲ್ಲಿ ನೀರು. ನಾರಾಯಣಖೇಡ ಕಡೆಯ ಹಳ್ಳಿಗಳಲ್ಲಿ ಕೆರೆ, ತೆರೆದ ಬಾವಿ. ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ, ಕೊರಳಿಗೋ ಕೈಗೋ ಫೋನ್ ನಂಬರಿನ ಬಿಲ್ಲೆ, ಓಣಿಯ ಕಿರಾಣಿ ಅಂಗಡಿಯವರಿಗೂ ಆಟೊದವರಿಗೂ ಮಗುವಿನ ಪರಿಚಯ. ಇಷ್ಟು ಮಾಡಿಟ್ಟರೆ ಜೀವ ಉಳಿದೀತು. ತಪ್ಪಿಸಿಕೊಂಡರೆ ಮೊದಲು ನೀರಿರುವ ಕಡೆ ಹುಡುಕಬೇಕು. ಮಗುವಿನ ವಿಷಯ ಮುಚ್ಚಿಟ್ಟ ಮನೆಗೆ ಆ ಹೊತ್ತಿನಲ್ಲಿ ನೆರೆಯವರ ನೆರವು ತಡವಾಗಿ ಸಿಗುತ್ತದೆ.

ತಾಯಿಯ ತಪ್ಪಲ್ಲ

'ನಿನ್ನ ತವರಿನ ಕಡೆ ಯಾರಿಗರ ಇತ್ತೇನು?', 'ಹೊಟ್ಯಾಗಿದ್ದಾಗ ಏನು ತಿಂದಿ?' ಅಂತ ಕೇಳುವುದು ನಮ್ಮಲ್ಲಷ್ಟೇ ಇಲ್ಲ. ಆಟಿಸಂ ಕುರಿತ ಮೊದಲ ಪ್ರಸಿದ್ಧ ಲೇಖನ ಬರೆದ ಡಾ. ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಕೊಟ್ಟರು. ಅದರ ನಂತರದ ವರ್ಷಗಳಲ್ಲಿ, ಪ್ರೀತಿಯಿಲ್ಲದ ತಣ್ಣನೆಯ ತಾಯಂದಿರಿಂದ ಹೀಗಾಗುತ್ತದೆ ಎಂಬ ವಾದ ಅಮೆರಿಕದಲ್ಲಿ ಬೆಳೆಯಿತು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ, ಸ್ವತಃ ಆಟಿಸಂ ಮಗುವಿನ ತಂದೆ, ಪುಸ್ತಕ ಬರೆದು ಅದನ್ನು ಅಲ್ಲಗಳೆದರು. 1969ರಲ್ಲಿ ಪೋಷಕರ ಸಭೆಯಲ್ಲಿ ಕ್ಯಾನರ್ ಅವರೇ ಎದ್ದು ನಿಂತು ತಂದೆತಾಯಂದಿರು ನಿರ್ದೋಷಿಗಳು ಎಂದು ಸಾರಿದರು. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳ ಅಧ್ಯಯನವಾಯಿತು. ಒಂದೇ ರೂಪದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ಬೇರೆ ರೂಪದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು ಎಂದು ಅಲ್ಲಿಂದ ಖಚಿತವಾಗುತ್ತ ಬಂತು. ಅದು ತಂದೆಯ ಕಡೆಯದೂ ಹೌದು, ತಾಯಿಯ ಕಡೆಯದೂ ಹೌದು. ಯಾರೂ ಬೇಕಂತ ಕೊಟ್ಟದ್ದಲ್ಲ.

ಲಸಿಕೆಯಿಂದ ಬರುತ್ತದೆ ಎಂಬ ಸುದ್ದಿಗೂ ಆಧಾರವಿಲ್ಲ. 12 ಮಕ್ಕಳ ಮೇಲಿನ 1998ರ ಬ್ರಿಟಿಷ್ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ವಾಪಸು ಪಡೆಯಿತು. ಡೆನ್ಮಾರ್ಕಿನ 6,57,461 ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಇನ್ನು ಮೊಬೈಲು. ಚಿಕ್ಕ ಮಕ್ಕಳಿಂದ ಅದನ್ನು ದೂರ ಇಡುವುದು ಒಳ್ಳೆಯದೇ. ಆದರೆ ಕ್ಯಾನರ್ ಕಂಡ ಆ 11 ಮಕ್ಕಳ ಕಾಲದಲ್ಲಿ ಮೊಬೈಲು ಎಲ್ಲಿತ್ತು? ಮೊಬೈಲ್ ಬಿಡಿಸಿದರೆ ತಾನೇ ಸರಿಹೋಗುತ್ತದೆ ಅಂತ ತಪಾಸಣೆ ಮುಂದೂಡಬಾರದು.

ನಾಲ್ಕು ಭಾಷೆಯ ಊರು

ಜಹೀರಾಬಾದ್, ನಾರಾಯಣಖೇಡ್ 1956ರ ತನಕ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಇವತ್ತು ಮೊದಲೆರಡು ಸಂಗಾರೆಡ್ಡಿ, ಮೂರನೆಯದು ವಿಕಾರಾಬಾದ್ ಜಿಲ್ಲೆ. ಮನೆಯಲ್ಲಿ ಕನ್ನಡ ಇಲ್ಲವೇ ಮರಾಠಿ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಮಗು ಮಾತಾಡದಿದ್ದರೆ 'ಭಾಷಾ ಜಾಸ್ತಿಯಾಗಿ ಗೊಂದಲ ಆಗ್ಯಾದ, ಒಂದೇ ಮಾತಾಡ್ರಿ' ಎಂಬ ಸಲಹೆ ಕೂಡಲೇ ಬರುತ್ತದೆ. ಕೆನಡಾದಲ್ಲಿ 75 ಆಟಿಸಂ ಮಕ್ಕಳನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ, ಎರಡು ಭಾಷೆಯ ನಡುವೆ ಬೆಳೆದ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಮನೆಮಾತು ಬಿಟ್ಟು ಬಾರದ ಇಂಗ್ಲಿಷಿನಲ್ಲಿ ಮಗುವಿನ ಜತೆ ತಡವರಿಸುವ ತಾಯಿ ಹಾಡು, ಲಾಲಿ, ಬೈಗುಳ ಎಲ್ಲ ಕಳೆದುಕೊಳ್ಳುತ್ತಾಳೆ. ಮುತ್ಯಾ-ಆಯಿಯಂತೂ ಮಗುವಿನಿಂದ ಪೂರ್ತಿ ದೂರವಾಗುತ್ತಾರೆ. ಚೆನ್ನಾಗಿ ಬರುವ ಮಾತಿನಲ್ಲೇ, ಚಿಕ್ಕ ವಾಕ್ಯದಲ್ಲಿ, ನಿಧಾನವಾಗಿ ಮಾತಾಡಿದರೆ ಸಾಕು. ಥೆರಪಿ ತೆಲುಗಿನಲ್ಲೋ ಹಿಂದಿಯಲ್ಲೋ ನಡೆದರೆ, ಅಲ್ಲಿ ಕಲಿಸಿದ ಪದಕ್ಕೆ ಮನೆಮಾತಿನ ಪದ ಯಾವುದು ಎಂದು ಥೆರಪಿಸ್ಟರಿಗೆ ಬರೆದುಕೊಡಬಹುದು.

ಎಲ್ಲಿ ತೋರಿಸಬೇಕು?

ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸುವುದು ಮೊದಲ ಮೆಟ್ಟಿಲು. 2013ರಲ್ಲಿ ಆರಂಭವಾದ ಈ ಯೋಜನೆ ಹುಟ್ಟಿದಾಗಿನಿಂದ 18 ವರ್ಷದ ತನಕ ಬೆಳವಣಿಗೆಯ ವಿಳಂಬವನ್ನೂ ನೋಡುತ್ತದೆ. ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಪರೀಕ್ಷೆ ಮೊದಲು ಆಗಬೇಕು. ತೆಲಂಗಾಣದ ಮಂಡಲಗಳಲ್ಲಿ ಶಿಕ್ಷಣ ಇಲಾಖೆಯ 'ಭವಿತ' ಕೇಂದ್ರಗಳಿವೆ. ಜಹೀರಾಬಾದಿನಿಂದ ಬೀದರ್ ಸುಮಾರು 30 ಕಿ.ಮೀ., ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗ ಹತ್ತಿರವಾಗುತ್ತದೆ.

ಪೂರ್ತಿ ತಪಾಸಣೆಗೆ ದೇಶದ ದೊಡ್ಡ ಸಂಸ್ಥೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲೇ ಇದೆ. 1984ರಲ್ಲಿ ಎನ್‌ಐಎಂಎಚ್ ಹೆಸರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಈ ಸಂಸ್ಥೆಗೆ ಈಗ ಎನ್‌ಐಇಪಿಐಡಿ ಎಂದು ಹೆಸರು. ಭಾರತೀಯ ಮಕ್ಕಳಿಗಾಗಿಯೇ 40 ಪ್ರಶ್ನೆಗಳ ಆಟಿಸಂ ಅಳತೆಪಟ್ಟಿ 'ಇಸಾ' ಸಿದ್ಧವಾದದ್ದು ಇಲ್ಲೇ. ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ, 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಎಂಬುದು ಅದರ ಲೆಕ್ಕ. ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ವಿಶೇಷ ಶಿಕ್ಷಣದ ಮಾರ್ಗದರ್ಶನ ಸಿಗುತ್ತದೆ. ತಾಂಡೂರಿನವರಿಗೆ ನೇರ ರೈಲಿದೆ, ನಾರಾಯಣಖೇಡದವರಿಗೆ ಬಸ್ಸೇ ಗತಿ. ವಾರವಾರ ಹೋಗಿಬರುವುದು ಕೂಲಿ ಮಾಡುವವರಿಗೆ ಆಗದ ಮಾತು. ಆದ್ದರಿಂದ ಹೋದಾಗ ಮನೆಯಲ್ಲಿ ಏನು ಮಾಡಬೇಕು ಎಂದು ಬರೆಸಿಕೊಂಡು, ಮಾಡಿ ತೋರಿಸಲು ಹೇಳಿ, ಕಲಿತು ಬರುವುದು ಮುಖ್ಯ. ಮೂರು ಕಲಮಿನ ನೋಟ್‌ಬುಕ್ ಒಯ್ದರೆ ಅವರ ಕೆಲಸವೂ ಹಗುರ.

ಜಾಹೀರಾತಿಗೆ ಮರುಳಾಗಬಾರದು. ಸ್ಟೆಮ್ ಸೆಲ್ ಹಾಕಿ ಆಟಿಸಂ ಗುಣಪಡಿಸುತ್ತೇವೆ ಎನ್ನುವವರಿಗೆ ಲಕ್ಷಗಟ್ಟಲೆ ಸುರಿದವರಿದ್ದಾರೆ. ಆಟಿಸಂಗೆ ಆ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ, ಅದರ ಪ್ರಚಾರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲಿ ಹೇಳಿದೆ. ದೇವರು, ದರ್ಗಾ ಅವರವರ ನಂಬಿಕೆ, ಹರಕೆ ಹೊತ್ತರೆ ತಪ್ಪಿಲ್ಲ. ಆದರೆ ಮಗುವಿಗೆ ಬರೆ ಎಳೆಸುವುದು, ಉಪವಾಸ ಕೆಡವುವುದು ಹಿಂಸೆ.

ಶಾಲೆಯ ಬಾಗಿಲು

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸೇರಿತು, 2016ರ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲೂ ಬಂತು. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ಇಷ್ಟದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ಗಲಾಟೆ ಮಾಡ್ತಾನೆ ಅಂತ ಹೊರಗೆ ಕಳಿಸುವುದಕ್ಕೆ ಕಾನೂನಿನ ಬೆಂಬಲವಿಲ್ಲ. ಇಂಥ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗಳಲ್ಲಿ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಯುಡಿಐಡಿ ಕಾರ್ಡು ಮಾಡಿಸಿಟ್ಟರೆ ಅದು ಎರಡೂ ರಾಜ್ಯದಲ್ಲಿ ನಡೆಯುತ್ತದೆ, ಗಡಿಯವರಿಗೆ ಇದು ಅನುಕೂಲ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂ. ತನಕ ಚಿಕಿತ್ಸಾ ವೆಚ್ಚ ಸಿಗುತ್ತದೆ. ಸಾಕುವವರ ಮನಸ್ಸು ಕುಸಿದರೆ 14416 ಟೆಲಿ ಮಾನಸ್‌ಗೆ ಉಚಿತ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಶಾಲೆಯಲ್ಲಿ ದೊಡ್ಡ ಖರ್ಚೇನೂ ಇಲ್ಲದೆ ಕೆಲವು ಅನುಕೂಲ ಮಾಡಬಹುದು. ಗಂಟೆಯಿಂದ ದೂರ ಕೂರಿಸುವುದು, ದಿನದ ಪಾಠಗಳ ಚಿತ್ರ ಬೋರ್ಡಿಗೆ ಹಚ್ಚುವುದು, ತಡೆಯಲಾಗದಾಗ ಐದು ನಿಮಿಷ ಹೊರಗೆ ಮರದಡಿ ಕೂರಲು ಬಿಡುವುದು. ಜತೆಯ ಮಕ್ಕಳಿಗೆ 'ಇವನಿಗೆ ಸದ್ದು ನೋಯಿಸ್ತದ' ಎಂದು ಒಮ್ಮೆ ಹೇಳಿದರೆ ಅವರು ದೊಡ್ಡವರಿಗಿಂತ ಬೇಗ ತಿಳಿದುಕೊಳ್ಳುತ್ತಾರೆ.

ಮತ್ತೆ ಬಸ್ ನಿಲ್ದಾಣಕ್ಕೆ ಬಂದರೆ, ಅಲ್ಲಿ ಸೇರಿದ ಜನರೂ ಮಾಡುವುದು ಇದೆ. ಸುತ್ತ ಮುತ್ತುವ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು. ಹೋಟೆಲಿನವರು ಹಾಡು ಸ್ವಲ್ಪ ತಗ್ಗಿಸಬಹುದು. 'ಏನರ ಸಹಾಯ ಬೇಕೇನ್ರಿ ತಂಗಿ?' ಎಂದು ಒಬ್ಬರೇ, ಮೆಲ್ಲಗೆ ಕೇಳಿದರೆ ಸಾಕು. ಕಂಡಕ್ಟರ್ ಎರಡು ನಿಮಿಷ ಬಸ್ ನಿಲ್ಲಿಸಿಕೊಂಡರೆ, ಆ ತಾಯಿ-ಮಗ ಬೀದರ್ ತಲುಪುತ್ತಾರೆ.

ಯಾವಾಗ ತಪಾಸಣೆ ಮಾಡಿಸಬೇಕು?

* ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ
* ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ
* ಎರಡು ವರ್ಷವಾದರೂ 'ಅವ್ವ ಬಾ', 'ನೀರು ಕೊಡು' ಎಂಬಂತೆ ಎರಡು ಪದ ಕೂಡಿಸದಿದ್ದರೆ
* ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ
* ಸದ್ದು, ಸ್ಪರ್ಶ, ಬದಲಾವಣೆಗೆ ಮಗು ವಿಪರೀತ ಹೆದರುತ್ತಿದ್ದರೆ

ಇವುಗಳಲ್ಲಿ ಒಂದಿದ್ದರೂ ಆಟಿಸಂ ಎಂದೇ ಅರ್ಥವಲ್ಲ. ಆದರೆ 'ಅವರಪ್ಪನೂ ತಡವಾಗೇ ಮಾತಾಡಿದ್ದ' ಅಂತ ವರ್ಷ ಕಳೆಯದೆ, ಒಮ್ಮೆ ತೋರಿಸುವುದು ಒಳ್ಳೆಯದು.